ಎಲೆಕ್ಟಿವ್ ಒಂದೇ, ಪೇಪರ್ ಎರಡು: ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಾ, ಟೆಸ್ಟಿಂಗಾ?

ಹೋದ ವಾರ ರಾತ್ರಿ ಊಟಕ್ಕೆ ಕೂತಿದ್ದೆ. ಅಣ್ಣನ ಮಗಳ ಫೋನ್ ಬಂತು. ಕಲಬುರಗಿಯಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಳೆ.

“ಕಾಕಾ, ನಾಳಿ ಎಲೆಕ್ಟಿವ್ ಫಾರ್ಮ್ ಕೊಡಬೇಕು. ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಒಂದದ, ಟೆಸ್ಟಿಂಗ್ ಅಂಡ್ ಕ್ವಾಲಿಟಿ ಒಂದದ. ಎರಡರಾಗ ಒಂದೇ ತೊಗೋಬೇಕಂತ. ಗೆಳತ್ಯಾರೆಲ್ಲ ಮ್ಯಾನೇಜ್‌ಮೆಂಟ್ ಬರ್ದಾರ. ನಾ ಏನ್ ಬರೀಲಿ ಹೇಳ್ರಿ.”

“ಅವರು ಯಾಕ ಅದನ್ನ ಬರ್ದಾರ?”

“ಅದಕ್ಕ ಲ್ಯಾಬ್ ಇಲ್ಲಂತ. ಮ್ಯಾಲ ಮ್ಯಾನೇಜರ್ ಅನ್ನೋ ಹೆಸರು ಬ್ಯಾರೆ ಅದ ಅಲ್ರಿ.”

ನಗು ಬಂತು. ರೊಟ್ಟಿ ಆರಿ ಗಟ್ಟಿಯಾಗುವವರೆಗೆ ಮಾತಾಡಿದೆವು. ಇದೇ ಪ್ರಶ್ನೆ ಪ್ರತಿ ವರ್ಷ ಇಬ್ಬರು ಮೂವರಾದರೂ ಕೇಳುತ್ತಾರೆ. ಹಾಗಾಗಿ ಈ ಸಲ ಕೂತು ಬರೆದೇ ಬಿಟ್ಟೆ.

ನನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು. ಒಂಬತ್ತು ವರ್ಷ ಹೈದರಾಬಾದ್, ಬೆಂಗಳೂರು ಸುತ್ತಿ ಈಗ ಕಲಬುರಗಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮೊದಲ ಆರು ವರ್ಷ ಟೆಸ್ಟರ್ ಆಗಿದ್ದೆ. ಆಮೇಲೆ ತಂಡ ನೋಡಿಕೊಳ್ಳುವ ಕೆಲಸ ತಲೆಗೆ ಬಿತ್ತು. ಎರಡೂ ಕಡೆಯ ಬಿಸಿ ತಟ್ಟಿದೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ ಮುಗಿದ ಕೂಡಲೇ ಕೆಲಸ ಬೇಕು, ಆಯ್ಕೆಗೆ ಇರುವುದು ಒಂದೇ ಪೇಪರ್ ಅಂದರೆ ಟೆಸ್ಟಿಂಗ್ ತೊಗೊಳ್ಳಿ. ಕಾರಣ ಸರಳ. ಟೆಸ್ಟಿಂಗ್ ಕಲಿಯಲು ಒಂದು ಲ್ಯಾಪ್‌ಟಾಪ್ ಸಾಕು, ಒಬ್ಬರೇ ಕೂತು ಕಲಿಯಬಹುದು. ಮ್ಯಾನೇಜ್‌ಮೆಂಟ್ ಕಲಿಯಲು ಮ್ಯಾನೇಜ್ ಮಾಡಿಸಿಕೊಳ್ಳುವ ಜನ ಬೇಕು. ಇಪ್ಪತ್ತು ವರ್ಷದ ಹುಡುಗನ ಮಾತನ್ನು ಯಾರು ಕೇಳುತ್ತಾರೆ ಹೇಳಿ. ಆದರೆ ಮ್ಯಾನೇಜ್‌ಮೆಂಟೇ ಸರಿ ಅನ್ನುವ ಕೆಲವರು ಇದ್ದಾರೆ. ಅವರು ಯಾರು ಅಂತ ಮುಂದೆ ಹೇಳುತ್ತೇನೆ.

ಎರಡು ಅನಾಹುತ, ಎರಡು ಪೇಪರ್

ಈ ಎರಡು ವಿಷಯಗಳ ವ್ಯತ್ಯಾಸವನ್ನು ಡೆಫಿನಿಷನ್ ಓದಿ ತಿಳಿಯುವುದು ಕಷ್ಟ. ನಿಜವಾಗಿ ನಡೆದ ಎರಡು ಘಟನೆ ನೋಡಿ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಮೇಲೇರಿತು. ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಛಿದ್ರವಾಯಿತು. ಕಾರಣ ಒಂದು ಸಂಖ್ಯೆ. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಾಯಿಸುವ ಒಂದು ಸಾಲು ಕೋಡ್‌ನಲ್ಲಿತ್ತು. 16 ಬಿಟ್‌ನಲ್ಲಿ ಮೈನಸ್ ಸಂಖ್ಯೆಗೂ ಜಾಗ ಇಟ್ಟರೆ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಳೆಯ ಏರಿಯಾನ್ 4ಕ್ಕೆ ಬರೆದ ಕೋಡ್ ಅದು. ಹಳೆಯ ರಾಕೆಟ್‌ನಲ್ಲಿ ಅಷ್ಟು ದೊಡ್ಡ ಸಂಖ್ಯೆ ಬರುತ್ತಲೇ ಇರಲಿಲ್ಲ. ಹೊಸದರ ವೇಗ ಬೇರೆ. ಹೊಸ ಹಾರಾಟದ ಲೆಕ್ಕ ಕೊಟ್ಟು ಆ ಭಾಗವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಇನ್ನೊಂದು ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದ್ದು. ಪ್ರಯಾಣಿಕರ ಲಗೇಜನ್ನು ಗಾಡಿಗಳೇ ತಾವಾಗಿ ಸಾಗಿಸುವ ದೊಡ್ಡ ವ್ಯವಸ್ಥೆ ಮಾಡಹೊರಟರು. ಕೆಲಸ ಶುರುವಾದದ್ದೇ ತಡವಾಗಿ. ನಡುವೆ ಬೇಡಿಕೆಗಳು ಬದಲಾಗುತ್ತಾ ಹೋದವು. ದಿನಾಂಕ ಮಾತ್ರ ಗಟ್ಟಿಯಾಗಿ ಕೂತಿತ್ತು. ಕೊನೆಗೆ ನಿಲ್ದಾಣ 16 ತಿಂಗಳು ತಡವಾಗಿ 1995ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಆ ವ್ಯವಸ್ಥೆ ಎಂದೂ ಪೂರ್ತಿ ಸರಿಹೋಗಲಿಲ್ಲ. 2005ರಲ್ಲಿ ಅದನ್ನು ಕೈಬಿಟ್ಟರು.

ಮೊದಲನೆಯದು ಟೆಸ್ಟಿಂಗ್ ಪೇಪರ್‌ನ ಪಾಠ, ಎರಡನೆಯದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರ್‌ನ ಪಾಠ. ಹಾಗಂತ ಗೆರೆ ಎಳೆದ ಹಾಗೆ ಬೇರೆಯೂ ಅಲ್ಲ. ಹಳೆಯ ಕೋಡ್ ತಾನೇ, ಮತ್ತೆ ಪರೀಕ್ಷೆ ಬೇಡ ಅಂದದ್ದು ಮ್ಯಾನೇಜ್‌ಮೆಂಟಿನ ತೀರ್ಮಾನವೇ ಅಲ್ವಾ?

ಇಷ್ಟು ದೂರದ ಉದಾಹರಣೆ ಯಾಕೆ, ನಮ್ಮ ಕೊನೆಯ ವರ್ಷದ ಪ್ರಾಜೆಕ್ಟನ್ನೇ ಹೇಳುತ್ತೇನೆ. ಆಸ್ಪತ್ರೆಯ ಟೋಕನ್ ಕೊಡುವ ಪ್ರೋಗ್ರಾಂ ಅದು. ನಾವು ನಾಲ್ವರು. ಡೆಮೊಗೆ ಮೂರು ವಾರ ಇದೆ ಅನ್ನುವಾಗ ಕೆಲಸ ಅರ್ಧವೂ ಆಗಿರಲಿಲ್ಲ. ಇನ್ನಿಬ್ಬರು ಗೆಳೆಯರನ್ನು ಸಹಾಯಕ್ಕೆ ಕರೆದೆವು. ಅವರಿಗೆ ಕೋಡ್ ಅರ್ಥ ಮಾಡಿಸುವುದರಲ್ಲೇ ಒಂದು ವಾರ ಹೋಯಿತು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರಂತೆ. ನಮಗೆ ಗೊತ್ತಿರಲಿಲ್ಲ. ಹೇಗೋ ಮುಗಿಸಿದೆವು. ಡೆಮೊ ದಿನ ಹೊರಗಿನಿಂದ ಬಂದ ಪರೀಕ್ಷಕರು ಹೆಸರಿನ ಜಾಗದಲ್ಲಿ ಏನೂ ಬರೆಯದೆ ಸುಮ್ನೆ ಎಂಟರ್ ಒತ್ತಿದರು. ಪ್ರೋಗ್ರಾಂ ಮುಚ್ಚಿಕೊಂಡು ಹೋಯಿತು. ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ನಾವು ಆರು ಜನರಲ್ಲಿ ಒಬ್ಬರೂ ನೋಡಿರಲಿಲ್ಲ.

ಒಂದೇ ಪ್ರಾಜೆಕ್ಟಿನಲ್ಲಿ ಎರಡೂ ಪೇಪರ್ ಫೇಲಾದ ಹಾಗಾಯಿತು.

ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ನಿಜವಾಗಿ ಏನಿರುತ್ತದೆ

ಹೆಸರು ನೋಡಿ ಇದು ಭಾಷಣದ ಪೇಪರ್ ಅಂದುಕೊಳ್ಳುವವರೇ ಜಾಸ್ತಿ. ಇದರಲ್ಲಿ ಲೆಕ್ಕ ಸಾಕಷ್ಟಿದೆ.

ಮೊದಲನೆಯದು ಅಂದಾಜು. ಬ್ಯಾರಿ ಬೋಮ್ 1981ರಲ್ಲಿ ಕೊಟ್ಟ ಕೊಕೊಮೊ ಮಾದರಿ ಎಲ್ಲ ಕಡೆ ಸಿಲಬಸ್‌ನಲ್ಲಿರುತ್ತದೆ. ಅದರ ಸರಳ ರೂಪ ಹೀಗಿದೆ. ಕೋಡ್ ಎಷ್ಟು ಸಾವಿರ ಸಾಲು ಆಗಬಹುದು ಅಂತ ಊಹಿಸಿ, ಆ ಸಂಖ್ಯೆಯನ್ನು 1.05ರ ಘಾತಕ್ಕೆ ಏರಿಸಿ, 2.4ರಿಂದ ಗುಣಿಸಿ. 10 ಸಾವಿರ ಸಾಲಿನ ಸಾಧಾರಣ ಪ್ರಾಜೆಕ್ಟಿಗೆ ಸುಮಾರು 27 ಮಾನವ-ತಿಂಗಳು ಬರುತ್ತದೆ. ಅಂದರೆ ಒಬ್ಬನೇ ಮಾಡಿದರೆ 27 ತಿಂಗಳ ದುಡಿಮೆ. ಇನ್ನೊಂದು ಸೂತ್ರ ಹಾಕಿದರೆ ಮುಗಿಯಲು ಸುಮಾರು 8.7 ತಿಂಗಳು ಬೇಕು, ಮೂವರು ಸಾಕು ಅಂತ ತಿಳಿಯುತ್ತದೆ. ಅದೇ 10 ಸಾವಿರ ಸಾಲು ಒಂದು ಯಂತ್ರದೊಳಗೆ ಕೂರುವ ಬಿಗಿಯಾದ ಸಾಫ್ಟ್‌ವೇರ್ ಆದರೆ ಗುಣಕ 3.6, ಘಾತ 1.20. ಆಗ 57 ಮಾನವ-ತಿಂಗಳು! ಸಾಲು ಅಷ್ಟೇ, ದುಡಿಮೆ ಎರಡು ಪಟ್ಟಿಗಿಂತ ಜಾಸ್ತಿ. ಪರೀಕ್ಷೆಯಲ್ಲಿ ಈ ಲೆಕ್ಕ ಬಂದರೆ ಬಿಡಬೇಡಿ, ಕ್ಯಾಲ್ಕುಲೇಟರ್ ಇದ್ದರೆ ಪೂರ್ತಿ ಅಂಕ.

ಎರಡನೆಯದು ಪರ್ಟ್. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿ ಕೆಲಸಕ್ಕೆ ರೂಪಿಸಿದ ವಿಧಾನ. ಒಂದು ಕೆಲಸಕ್ಕೆ ಮೂರು ಅಂದಾಜು ಬರೆದುಕೊಳ್ಳಬೇಕು. ಎಲ್ಲ ಸುಸೂತ್ರ ನಡೆದರೆ 4 ದಿನ. ಸಾಮಾನ್ಯವಾಗಿ 6 ದಿನ. ಕರೆಂಟ್ ಹೋಗಿ, ಇಂಟರ್ನಲ್ಸ್ ನಡುವೆ ಬಂದು, ಜತೆಗಾರ ಊರಿಗೆ ಹೋದರೆ 20 ದಿನ. ನಡುವಿನದನ್ನು 4ರಿಂದ ಗುಣಿಸಿ, ಮೂರನ್ನೂ ಕೂಡಿಸಿ, 6ರಿಂದ ಭಾಗಿಸಿ. 4, 24, 20 ಸೇರಿ 48. ಭಾಗಿಸಿದರೆ 8 ದಿನ. 6 ದಿನ ಅಂತ ಗೈಡ್‌ಗೆ ಮಾತು ಕೊಡುವ ಮುಂಚೆ ಈ 8 ನೆನಪಿರಲಿ.

ಇನ್ನೊಂದು ನನಗೆ ಇಷ್ಟವಾದದ್ದು ಅರ್ನ್ಡ್ ವ್ಯಾಲ್ಯೂ. ಇವತ್ತಿಗೆ 100 ಗಂಟೆಯ ಕೆಲಸ ಮುಗಿಯಬೇಕಿತ್ತು ಅಂದುಕೊಳ್ಳಿ. ಮುಗಿದದ್ದು 60 ಗಂಟೆಯಷ್ಟು. ಅದಕ್ಕೆ ನೀವು ಕೂತದ್ದು 90 ಗಂಟೆ. ಸಮಯದ ಲೆಕ್ಕದಲ್ಲಿ 60/100 ಅಂದರೆ 0.6, ಖರ್ಚಿನ ಲೆಕ್ಕದಲ್ಲಿ 60/90 ಅಂದರೆ 0.67. ಎರಡೂ 1ಕ್ಕಿಂತ ಕಡಿಮೆ, ಅಂದರೆ ಹಿಂದೆಯೂ ಬಿದ್ದಿದ್ದೀರಿ, ದುಬಾರಿಯೂ ಆಗಿದ್ದೀರಿ. “ಎಲ್ಲಾ ಆಗ್ಯಾದ ಸರ್, ಸ್ವಲ್ಪ ಉಳಿದದ” ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ನೋಡಿಲ್ಲ.

ಉಳಿದಂತೆ ಗ್ಯಾಂಟ್ ಚಾರ್ಟ್ (ವೇಳಾಪಟ್ಟಿಯ ಚಿತ್ರ), ಕ್ರಿಟಿಕಲ್ ಪಾತ್ (ಒಂದು ದಿನ ತಪ್ಪಿದರೂ ಪೂರ್ತಿ ಪ್ರಾಜೆಕ್ಟ್ ತಡವಾಗುವ ಕೆಲಸಗಳ ಸಾಲು), ರಿಸ್ಕ್ ಪಟ್ಟಿ, ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿ ಅನ್ನುವ 2001ರ ಅಜೈಲ್ ಘೋಷಣೆ, ಅದೇ ಬಗೆಯ ಸ್ಕ್ರಮ್ ಇರುತ್ತವೆ. ಸ್ಕ್ರಮ್ ಬಗ್ಗೆ ಹತ್ತು ಪುಟ ಓದುವುದಕ್ಕಿಂತ ಎರಡು ವಾರ ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತು ಮಾತಾಡಿ ನೋಡಿದರೆ ಜಾಸ್ತಿ ಗೊತ್ತಾಗುತ್ತದೆ.

ಟೆಸ್ಟಿಂಗ್ ಪೇಪರ್: ತೊಗರಿ ಚೀಲದಿಂದ ಬಸ್ ಟಿಕೆಟ್‌ವರೆಗೆ

“ಟೆಸ್ಟಿಂಗ್ ಅಂದರೆ ಬಟನ್ ಒತ್ತಿ ನೋಡುವುದು ಅಷ್ಟೇ ತಾನೇ?” ಅಂತ ಕೇಳುವವರಿಗೆ ನಾನು ತೊಗರಿಯ ಲೆಕ್ಕ ಕೊಡುತ್ತೇನೆ. ನಮ್ಮೂರಿನವರಿಗೆ ತೊಗರಿ ಬಿಟ್ಟರೆ ಬೇರೆ ಉದಾಹರಣೆ ಹೊಳೆಯುವುದೂ ಕಷ್ಟ.

ಖರೀದಿ ಕೇಂದ್ರಕ್ಕೆ ಒಂದು ಸಾಫ್ಟ್‌ವೇರ್ ಬರೆದಿದ್ದಾರೆ ಅಂದುಕೊಳ್ಳಿ. ತೇವಾಂಶ ಶೇ. 12ರವರೆಗೆ ಇದ್ದರೆ ತೊಗೊಳ್ಳಬೇಕು, ಹೆಚ್ಚಿದ್ದರೆ ವಾಪಸ್ ಕಳಿಸಬೇಕು. ಹೊಸಬ ಏನು ಮಾಡುತ್ತಾನೆ? 8 ಹಾಕಿ ನೋಡುತ್ತಾನೆ, ಒಪ್ಪಿಕೊಂಡಿತು. 20 ಹಾಕುತ್ತಾನೆ, ವಾಪಸ್ ಕಳಿಸಿತು. ಸರಿ ಇದೆ ಅಂತ ಎದ್ದು ಹೋಗುತ್ತಾನೆ. ಕಲಿತವನು 11.9, 12, 12.1 ಹಾಕುತ್ತಾನೆ. ತಪ್ಪು ಅಡಗಿ ಕೂರುವುದು ಅಂಚಿನಲ್ಲೇ. ಕೋಡ್ ಬರೆದವನು ‘12 ಅಥವಾ ಕಡಿಮೆ’ ಅನ್ನುವ ಕಡೆ ‘12ಕ್ಕಿಂತ ಕಡಿಮೆ’ ಅಂತ ಬರೆದಿದ್ದರೆ ಸರಿಯಾಗಿ 12 ಇರುವ ರೈತನ ಗಾಡಿ ಸುಮ್ನೆ ವಾಪಸ್ ಹೋಗುತ್ತದೆ. 8 ಮತ್ತು 20 ಹಾಕಿ ನೂರು ಸಲ ನೋಡಿದರೂ ಇದು ಸಿಗುವುದಿಲ್ಲ. ಸೊನ್ನೆ ಹಾಕಿದರೆ? ಮೈನಸ್ 3 ಹಾಕಿದರೆ? ಖಾಲಿ ಬಿಟ್ಟರೆ? ಅಲ್ಲಿಗೆ ನಮ್ಮ ಟೋಕನ್ ಪ್ರೋಗ್ರಾಂ ನೆನಪಾಗುತ್ತದೆ.

ಇದಕ್ಕೆ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅಂತ ಹೆಸರು. ಪುಸ್ತಕದ ಲೆಕ್ಕದಲ್ಲಿ ಒಂದು ಅಂಶ ಇದ್ದರೆ 5 ಟೆಸ್ಟ್: ಕನಿಷ್ಠ, ಅದರ ಪಕ್ಕದ್ದು, ನಡುವಿನದು, ಗರಿಷ್ಠದ ಪಕ್ಕದ್ದು, ಗರಿಷ್ಠ. ಮೂರು ಅಂಶ ಇದ್ದರೆ 13. ತ್ರಿಕೋನದ ಮೂರು ಬಾಹು ಕೊಟ್ಟು ಅದು ಯಾವ ಬಗೆಯ ತ್ರಿಕೋನ ಅಂತ ಹೇಳುವ ಪ್ರೋಗ್ರಾಂ ಟೆಸ್ಟಿಂಗ್ ಓದಿದ ಎಲ್ಲರಿಗೂ ಗೊತ್ತು. ಅದಕ್ಕೆ ಈ 13 ಸಾಲದು, ಮೂರು ಬಾಹುಗಳ ಅಂಚುಗಳನ್ನು ಎಲ್ಲ ರೀತಿಯಲ್ಲೂ ಜೋಡಿಸಿ ನೋಡಬೇಕು ಅಂದರೆ 125 ಟೆಸ್ಟ್ ಆಗುತ್ತದೆ. ಎಲ್ಲವನ್ನೂ ನೋಡಲು ಸಮಯ ಇರುವುದಿಲ್ಲ. ಯಾವುದನ್ನು ಬಿಡಬಹುದು ಅಂತ ಧೈರ್ಯವಾಗಿ ಹೇಳುವುದೇ ಈ ಕಸುಬು.

ಯಾವ ಷರತ್ತುಗಳು ಕೂಡಿದರೆ ಏನು ಮಾಡಬೇಕು ಅಂತ ತೋರಿಸುವ ಕೋಷ್ಟಕ, ಅಂದರೆ ಡಿಸಿಷನ್ ಟೇಬಲ್ ಬೇಕಾದರೆ ನಮ್ಮ ಕೆಕೆಆರ್‌ಟಿಸಿ ಬಸ್ ಹತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಟಿಕೆಟ್ ಮಷೀನ್ ಹಿಡಿದ ಕಂಡಕ್ಟರ್ ತಲೆಯಲ್ಲಿ ಏನೇನು ಓಡುತ್ತದೆ ನೋಡಿ. ಪ್ರಯಾಣಿಕರು ಮಹಿಳೆಯಾ? ಕರ್ನಾಟಕದವರು ಅನ್ನಲು ಗುರುತಿನ ಚೀಟಿ ಇದೆಯಾ? ಬಸ್ಸು ಸಾಮಾನ್ಯದ್ದಾ, ಐಷಾರಾಮಿಯಾ? ರಾಜ್ಯದೊಳಗೆ ಓಡುತ್ತದಾ, ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತದಾ? ಹೌದು-ಇಲ್ಲ ಅನ್ನುವ ನಾಲ್ಕು ಪ್ರಶ್ನೆ, ಒಟ್ಟು 16 ಕಾಲಂ. ಅದರಲ್ಲಿ ಎಷ್ಟು ಕಾಲಂ ಒಂದಾಗಿ ಸೇರಿಸಬಹುದು ಅಂತ ಬರೆಯಿರಿ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಇದಕ್ಕಿಂತ ಕಷ್ಟ ಇರುವುದಿಲ್ಲ. ಗಡಿ ಜಿಲ್ಲೆಯವರಾದ ನಮಗೆ ನಾಲ್ಕನೇ ಪ್ರಶ್ನೆಯ ಬೆಲೆ ಜಾಸ್ತಿ ಗೊತ್ತು.

ಕೋಡ್ ಒಳಗೆ ಇಣುಕಿ ನೋಡುವ ಭಾಗವೂ ಇದೆ. ಕೋಡ್ ಎಷ್ಟು ಜಟಿಲ ಅಂತ ಅಳೆಯಲು ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ ಅಂತಹುದು. ಕೋಡನ್ನು ಗ್ರಾಫ್ ಮಾಡಿ ಗೆರೆಗಳಿಂದ ಬಿಂದುಗಳನ್ನು ಕಳೆದು 2 ಕೂಡಿಸಿದರೆ ಸಂಖ್ಯೆ ಬರುತ್ತದೆ. ಎರಡು ‘ಇಫ್’ ಇರುವ ಫಂಕ್ಷನ್‌ಗೆ 3. ಅಂದರೆ ಬೇರೆ ಬೇರೆ ಮೂರು ದಾರಿಯನ್ನಾದರೂ ನಡೆದು ನೋಡಬೇಕು.

ಈಗ ಕ್ವಾಲಿಟಿ ಅಶ್ಯೂರೆನ್ಸ್. ಇದನ್ನೂ ಟೆಸ್ಟಿಂಗನ್ನೂ ಒಂದೇ ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಜೋಳದ ರೊಟ್ಟಿ ಹರಿದಿದೆಯಾ, ಹೊತ್ತಿದೆಯಾ ಅಂತ ತಟ್ಟೆಗೆ ಬಿದ್ದ ಮೇಲೆ ನೋಡುವುದು ಟೆಸ್ಟಿಂಗ್. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅದಕ್ಕೆ ವಾರಕ್ಕೆ ಬೇಕಾದಷ್ಟೇ ಬೀಸಿಸಬೇಕು, ನೀರು ಕುದಿಯಬೇಕು, ಹಂಚು ಇಷ್ಟು ಕಾಯಬೇಕು ಅಂತ ಮೊದಲೇ ಕ್ರಮ ಕಟ್ಟಿಕೊಳ್ಳುವುದು ಕ್ವಾಲಿಟಿ ಅಶ್ಯೂರೆನ್ಸ್. ಕಂಪನಿಯ ಕೆಲಸದ ಕ್ರಮ ಎಷ್ಟು ಪಕ್ವ ಅಂತ ಅಳೆಯುವ ಸಿಎಂಎಂಐನ ಐದು ಹಂತಗಳು, ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001, ರಿವ್ಯೂ, ಆಡಿಟ್ ಎಲ್ಲ ಈ ಎರಡನೇ ಭಾಗಕ್ಕೆ ಸೇರಿದವು. ಓದಲು ಸ್ವಲ್ಪ ಒಣ ಒಣ. ಸುಳ್ಳು ಹೇಳುವುದಿಲ್ಲ, ನಾನು ಐಎಸ್‌ಒ ಭಾಗವನ್ನು ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಬರೆದವನು.

ಲ್ಯಾಬ್ ಇಲ್ಲ ಅನ್ನುವ ಆಸೆಗೆ ಬೀಳಬೇಡಿ

ಅಣ್ಣನ ಮಗಳ ಗೆಳತಿಯರ ಲೆಕ್ಕ ಇದೇ ಆಗಿತ್ತು. ಯಾದಗಿರಿ, ಶಹಾಬಾದ್ ಕಡೆಯಿಂದ ದಿನಾ ಓಡಾಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಮಧ್ಯಾಹ್ನದ ಲ್ಯಾಬ್ ಮುಗಿಸಿ ಹೊರಟರೆ ರೈಲು ತಪ್ಪುತ್ತದೆ. ಆದರೂ ಲ್ಯಾಬ್ ಇರುವ ಪೇಪರ್ ಕೈಗೆ ಏನಾದರೂ ಕೊಟ್ಟು ಕಳಿಸುತ್ತದೆ. ಬ್ರೌಸರನ್ನು ತಾನೇ ಓಡಿಸಿ ನೋಡುವ ಸೆಲೆನಿಯಂ ಹಾಕಿ ಹತ್ತು ಟೆಸ್ಟ್ ಬರೆದಿದ್ದೇನೆ, ಇಗೋ ಗಿಟ್‌ಹಬ್‌ನಲ್ಲಿದೆ ಅಂತ ಇಂಟರ್‌ವ್ಯೂನಲ್ಲಿ ತೋರಿಸಬಹುದು. ಕ್ರಿಟಿಕಲ್ ಪಾತ್ ಲೆಕ್ಕ ಮಾಡಬಲ್ಲೆ ಅಂತ ತೋರಿಸುವುದು ಹೇಗೆ?

ಇನ್ನೊಂದು ವಿಷಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನವರು 5ನೇ ಸೆಮಿಸ್ಟರ್‌ನಲ್ಲಿ ‘ಸಾಫ್ಟ್‌ವೇರ್ ಇಂಜಿನಿಯರಿಂಗ್ ಅಂಡ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್’ ಓದಲೇಬೇಕು. ಹಾಗೆ ಓದಿ ಬಂದವರಿಗೆ ಮ್ಯಾನೇಜ್‌ಮೆಂಟಿನ ರುಚಿ ಒಂದು ಸಲ ಸಿಕ್ಕಿದೆ. ಮತ್ತೆ ಅದನ್ನೇ ಎಲೆಕ್ಟಿವ್ ಮಾಡಿಕೊಂಡರೆ ಅರ್ಧ ಪುಸ್ತಕ ಎರಡನೇ ಸಲ ಓದಿದ ಹಾಗೆ. ಅಂಕಕ್ಕೆ ಸುಲಭ, ಕಲಿಕೆಗೆ ನಷ್ಟ.

ಎಲ್ಲ ಕಡೆ ಒಂದೇ ಸಿಲಬಸ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. 1958ರಲ್ಲಿ ಶುರುವಾದ ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು ಸ್ವಾಯತ್ತ, ಅದರ ಪಠ್ಯ ಅದೇ ಮಾಡಿಕೊಳ್ಳುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಎಂಸಿಎ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ, 2017ರಲ್ಲಿ ಶುರುವಾದ ಶರಣಬಸವ ವಿಶ್ವವಿದ್ಯಾಲಯ, ಇವೆಲ್ಲ ತಮ್ಮ ತಮ್ಮ ಪಠ್ಯ ಇಟ್ಟುಕೊಂಡಿವೆ. ಹೆಸರು ಒಂದೇ ಇದ್ದರೂ ಒಳಗಿನದು ಬೇರೆ ಇರಬಹುದು. ಒಂದು ಕಡೆ ‘ಕ್ವಾಲಿಟಿ’ ಅಂದರೆ ಪೂರ್ತಿ ಐಎಸ್‌ಒ ಮತ್ತು ಸಿಎಂಎಂಐ, ಇನ್ನೊಂದು ಕಡೆ ಜಾವಾ ಕೋಡ್ ಪರೀಕ್ಷಿಸುವ ಜೆಯುನಿಟ್ ಮತ್ತು ಆಟೊಮೇಷನ್. ಮೊದಲ ಬಗೆಯದಾದರೆ ನನ್ನ ತೀರ್ಪು ಅಲ್ಲಾಡುತ್ತದೆ. ಆಗ ಎರಡೂ ಓದಿ ಬರೆಯುವ ಪೇಪರೇ. ಹಾಗಾದರೆ ಮ್ಯಾನೇಜ್‌ಮೆಂಟೇ ಸ್ವಲ್ಪ ಮೇಲು, ಅದರಲ್ಲಿ ಲೆಕ್ಕವಾದರೂ ಇದೆ. ಫಾರ್ಮ್ ತುಂಬುವ ಮುಂಚೆ ಹತ್ತು ನಿಮಿಷ ಸಿಲಬಸ್ ಓದಿ. ಓದುವವರು ನೂರಕ್ಕೆ ಐದು ಜನವೂ ಸಿಗಲಿಕ್ಕಿಲ್ಲ ಅಂತ ನನ್ನ ಗುಮಾನಿ. ಸೀನಿಯರ್‌ಗಳ ಹತ್ತಿರ ಯಾವ ಮೇಷ್ಟ್ರು ಪಾಠ ಮಾಡುತ್ತಾರೆ ಅಂತಲೂ ಕೇಳಿಕೊಳ್ಳಿ. ಒಳ್ಳೆಯ ಮೇಷ್ಟ್ರು ಇದ್ದರೆ ನಾನು ಮೇಲೆ ಹೇಳಿದ್ದೆಲ್ಲ ಮರೆತು ಅವರ ಪೇಪರ್ ತೊಗೊಳ್ಳಿ.

ಸರ್ಟಿಫಿಕೇಟ್, ಕೆಲಸ, ಮುಂದಿನ ಪರೀಕ್ಷೆ

ಪೇಪರ್ ಓದಿದ ಮೇಲೆ ಹೊರಗಿನ ಸರ್ಟಿಫಿಕೇಟ್ ಮಾಡುವವರಿಗೆ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಟೆಸ್ಟಿಂಗ್‌ನಲ್ಲಿ ಐಎಸ್‌ಟಿಕ್ಯುಬಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಫೌಂಡೇಷನ್ ಪರೀಕ್ಷೆ ಇದೆ. 40 ಪ್ರಶ್ನೆ, 60 ನಿಮಿಷ, 26 ಸರಿ ಬಂದರೆ ಪಾಸ್. ಪರೀಕ್ಷೆಯ ಭಾಷೆ ನಿಮ್ಮ ಮಾತೃಭಾಷೆ ಅಲ್ಲದಿದ್ದರೆ ಶೇ. 25ರಷ್ಟು ಹೆಚ್ಚು ಸಮಯಕ್ಕೂ ಅವಕಾಶವಿದೆ. ಓದುತ್ತಿರುವಾಗಲೇ ಬರೆಯಬಹುದು, ಅನುಭವ ಕೇಳುವುದಿಲ್ಲ.

ಮ್ಯಾನೇಜ್‌ಮೆಂಟ್‌ನಲ್ಲಿ ಹೆಸರು ಮಾಡಿದ್ದು ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಕೊಡುವ ಪಿಎಂಪಿ. ಅದಕ್ಕೆ ನಾಲ್ಕು ವರ್ಷದ ಡಿಗ್ರಿ ಇದ್ದವರಿಗೂ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ, 35 ಗಂಟೆಯ ತರಬೇತಿ ಬೇಕು. ಅಂದರೆ ಕಾಲೇಜಿನಿಂದ ಹೊರಬಂದವನಿಗೆ ಅದು ಕೈಗೆ ಎಟುಕುವುದಿಲ್ಲ. ಅದೇ ಸಂಸ್ಥೆಯ ಕ್ಯಾಪ್ಎಂ ಅನ್ನುವ ಚಿಕ್ಕ ಪರೀಕ್ಷೆಗೆ 23 ಗಂಟೆಯ ತರಬೇತಿ ಸಾಕು, ಅನುಭವ ಬೇಡ. ಆದರೆ ನಾನು ಇಷ್ಟು ವರ್ಷದಲ್ಲಿ ನೋಡಿದ ಫ್ರೆಶರ್ ಜಾಹೀರಾತುಗಳಲ್ಲಿ ಟೆಸ್ಟಿಂಗ್ ಹೆಸರಿನವು ಬೇಕಾದಷ್ಟು, ಪ್ರಾಜೆಕ್ಟ್ ಮ್ಯಾನೇಜರ್ ಹೆಸರಿನದು ಒಂದೂ ಇರಲಿಲ್ಲ. ಆ ಹುದ್ದೆಗೆ ಒಳಗಿನಿಂದ ಏರಿ ಬರಬೇಕು, ಮೆಟ್ಟಿಲು ಹತ್ತಿದ ಹಾಗೆ. ನನ್ನನ್ನೂ ಹಾಗೇ ಹತ್ತಿಸಿದರು.

ಟೆಸ್ಟಿಂಗ್ ಕೆಲಸದ ಬಗ್ಗೆ ಒಂದು ಎಚ್ಚರಿಕೆ. ಮ್ಯಾನ್ಯುಯಲ್ ಟೆಸ್ಟಿಂಗ್ ಒಂದೇ ಕಲಿತರೆ ಸಾಕು, ಕೋಡಿಂಗ್ ಬೇಡ ಅಂತ ಹೇಳುವವರ ಮಾತು ನಂಬಬೇಡಿ. ಜಾವಾ ಅಥವಾ ಪೈಥಾನ್ ಒಂದು, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್ ಒಂದು ಬರಲೇಬೇಕು. ಈಗ ಎಐ ಕೂಡ ಟೆಸ್ಟ್ ಸ್ಕ್ರಿಪ್ಟ್ ಬರೆದು ಕೊಡುತ್ತದೆ. ತೇವಾಂಶ ಸರಿಯಾಗಿ 12 ಇದ್ದರೆ ಗಾಡಿ ಒಳಗೆ ಬಿಡಬೇಕಾ ಬೇಡವಾ ಅಂತ ಮಾತ್ರ ಖರೀದಿ ಕೇಂದ್ರದವರನ್ನೇ ಹೋಗಿ ಕೇಳಬೇಕು.

ಗೇಟ್ ಬರೆಯುವವರಿಗೆ ಎರಡೂ ಪೇಪರ್ ಉಪಯೋಗಕ್ಕಿಲ್ಲ. ಗೇಟ್‌ನ ಕಂಪ್ಯೂಟರ್ ಸೈನ್ಸ್ ಸಿಲಬಸ್‌ನಲ್ಲಿ ಈಗ ಸಾಫ್ಟ್‌ವೇರ್ ಇಂಜಿನಿಯರಿಂಗ್ ಇಲ್ಲ. ಯುಜಿಸಿ ನೆಟ್ ಬರೆದು ಲೆಕ್ಚರರ್ ಆಗುವ ಆಸೆ ಇದ್ದರೆ ಅಂದಾಜು, ವೇಳಾಪಟ್ಟಿ, ಗುಣಮಟ್ಟ, ಟೆಸ್ಟಿಂಗ್ ನಾಲ್ಕೂ ಅಲ್ಲಿ ಬರುತ್ತವೆ. 371ಜೆ ಅಡಿಯಲ್ಲಿ ಇಲ್ಲೇ ಸರ್ಕಾರಿ ಕೆಲಸ ಹಿಡಿಯುವ ಗುರಿ ಇದ್ದವರು ಎಲೆಕ್ಟಿವ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವುದರಲ್ಲಿ ಅಂಕ ಬರುತ್ತದೋ ಅದು.

ಮ್ಯಾನೇಜ್‌ಮೆಂಟ್ ಯಾರಿಗೆ

ಎರಡು ಮೂರು ವರ್ಷ ಕೆಲಸ ಮಾಡಿ ಮತ್ತೆ ಎಂಸಿಎ ಅಥವಾ ಎಂಟೆಕ್‌ಗೆ ಬಂದವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಮ್ಯಾನೇಜ್‌ಮೆಂಟ್ ತೊಗೊಳ್ಳಿ. ಅವರಿಗೆ ಡೆಡ್‌ಲೈನ್ ಅಂದರೇನು ಅಂತ ಗೊತ್ತು. ಪುಸ್ತಕದ ಒಂದೊಂದು ಸಾಲಿಗೂ ಒಬ್ಬೊಬ್ಬ ಹಳೆಯ ಬಾಸ್‌ನ ಮುಖ ನೆನಪಾಗುತ್ತದೆ.

ಮನೆಯಲ್ಲಿ ಕಂತ್ರಾಟು, ಮಿಲ್, ಅಂಗಡಿ ವ್ಯವಹಾರ ಇರುವವರಿಗೂ ಇದು ಒಗ್ಗುತ್ತದೆ. ದಾಲ್ ಮಿಲ್ ನಡೆಸುವ ಮನೆಯ ಒಬ್ಬ ಹುಡುಗ ಬೀದರ್‌ನಲ್ಲಿ ಓದುತ್ತಿದ್ದ. ಕ್ರಿಟಿಕಲ್ ಪಾತ್ ಪಾಠ ಕೇಳಿದ ದಿನವೇ ಅವರ ಹೊಸ ಶೆಡ್ ಕೆಲಸಕ್ಕೆ ಅದನ್ನು ಬರೆದು ಅಪ್ಪನಿಗೆ ತೋರಿಸಿದ್ದ. ಅಪ್ಪ ನೋಡಿ, ಇದರಲ್ಲಿ ಮಳೆ ಎಲ್ಲಿ ಅಂತ ಕೇಳಿದರಂತೆ. ಹುಡುಗ ರಿಸ್ಕ್ ಪಾಠಕ್ಕೆ ಹೋದ.

ಕೋಡಿಂಗ್ ಅಂದರೆ ನಿಜವಾಗಿ ಒಲ್ಲೆ, ಆದರೆ ನಾಲ್ಕು ಜನರನ್ನು ಸೇರಿಸಿ ಕಾರ್ಯಕ್ರಮ ಮಾಡಿಸುವುದು ಬರುತ್ತದೆ ಅನ್ನುವವರೂ ಇದ್ದಾರೆ. ಅವರೂ ಇದೇ ಬರೆಯಲಿ. ಒಲ್ಲದ ಮನಸ್ಸಿನಿಂದ ಟೆಸ್ಟಿಂಗ್ ಕಲಿತವನು ಹುಡುಕುವ ಬಗ್‌ಗಿಂತ ಬಿಡುವ ಬಗ್ ಜಾಸ್ತಿ.

ಒಂದನ್ನು ಓದಿ, ಇನ್ನೊಂದನ್ನು ಮಾಡಿ

ಟೆಸ್ಟಿಂಗ್ ತೊಗೊಂಡವರು ಮ್ಯಾನೇಜ್‌ಮೆಂಟ್ ಕಲಿಯಲು ಕೊನೆಯ ವರ್ಷದ ಪ್ರಾಜೆಕ್ಟ್ ಬಳಸಿಕೊಳ್ಳಿ. ಶುರುವಿನಲ್ಲೇ ಕೆಲಸಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಮೂರು ಅಂದಾಜು ಬರೆದಿಡಿ. ಮುಗಿದ ಮೇಲೆ ನಿಜವಾಗಿ ಎಷ್ಟು ದಿನ ಹಿಡಿಯಿತು ಅಂತ ಪಕ್ಕದಲ್ಲೇ ಬರೆಯಿರಿ. ಆ ಎರಡು ಕಾಲಂ ನೋಡಿದರೆ ನಾಚಿಕೆ ಆಗುತ್ತದೆ, ಆಗಲಿ.

ಮ್ಯಾನೇಜ್‌ಮೆಂಟ್ ತೊಗೊಂಡವರು ಪಕ್ಕದ ತಂಡದ ಪ್ರಾಜೆಕ್ಟನ್ನು ಟೆಸ್ಟ್ ಮಾಡಿ ಕೊಡಿ. ನಿಮ್ಮದನ್ನು ನೀವೇ ಮಾಡಿದರೆ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಬಗ್ ಬರೆಯುವಾಗ ಏನು ಒತ್ತಿದೆ, ಏನಾಗಬೇಕಿತ್ತು, ಏನಾಯಿತು ಅಂತ ಮೂರು ಸಾಲು ಇರಲಿ. ‘ಕೆಲಸ ಮಾಡ್ತಿಲ್ಲ’ ಅಂತ ಬರೆದು ಕೊಟ್ಟರೆ ಗೆಳೆತನ ಹೋಗುತ್ತದೆ, ಬಗ್ ಉಳಿಯುತ್ತದೆ.

ತರಗತಿಯಲ್ಲಿ ಸಿಗದ್ದನ್ನು ಐಐಟಿಯಂತಹ ಸಂಸ್ಥೆಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ನೋಡಬಹುದು. ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಐಐಐಟಿ ಬೆಂಗಳೂರಿನ ಪಾಠಗಳಿವೆ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಬಗ್ಗೆ ಐಐಟಿ ಖರಗಪುರದ್ದಿವೆ. ನೋಡಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಅಸೈನ್‌ಮೆಂಟಿಗೆ ಶೇ. 25, ಪರೀಕ್ಷೆಗೆ ಶೇ. 75. ಅಸೈನ್‌ಮೆಂಟನ್ನು ವಾಟ್ಸಾಪ್ ಗುಂಪಿನಿಂದ ಇಳಿಸಿಕೊಂಡು 25ಕ್ಕೆ 25 ತೊಗೊಂಡ ಒಬ್ಬ ಗೆಳೆಯ ಪರೀಕ್ಷೆಯಲ್ಲಿ 30 ದಾಟಲಿಲ್ಲ. ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು ಅನ್ನುವುದು ಅವನಿಗೆ ಆಮೇಲೆ ಗೊತ್ತಾಯಿತು.

ಕೊನೆಗೆ ಒಂದು ಸಣ್ಣ ಆದರೆ ಬಹಳ ಜನರಿಗೆ ತಟ್ಟುವ ತೊಂದರೆ. ಪಟ್ಟಿಯಲ್ಲಿ ಪೇಪರ್ ಹೆಸರು ಇದ್ದ ಮಾತ್ರಕ್ಕೆ ಅದು ನಡೆಯುತ್ತದೆ ಅಂತ ಇಲ್ಲ. ಸಾಕಷ್ಟು ಹುಡುಗರು ಸೇರದಿದ್ದರೆ ಡಿಪಾರ್ಟ್‌ಮೆಂಟಿನವರು ಎಲ್ಲರನ್ನೂ ಇನ್ನೊಂದಕ್ಕೆ ತಳ್ಳುತ್ತಾರೆ. ಅಣ್ಣನ ಮಗಳಿಗೆ ಹೇಳಿದ್ದೂ ಇದನ್ನೇ. ಫಾರ್ಮ್ ಕೊಡುವ ಮುಂಚೆ ಆಫೀಸಿನಲ್ಲಿ ಕನಿಷ್ಠ ಎಷ್ಟು ಜನ ಬೇಕು ಅಂತ ಕೇಳು, ಅಷ್ಟು ಜನರನ್ನು ಸೇರಿಸಿಕೊಂಡು ಹೋಗು.

ಮರುದಿನ ಸಂಜೆ ಅವಳ ಮೆಸೇಜು ಬಂತು. “ಹದಿನೆಂಟು ಮಂದಿ ಆಗ್ಯಾರ ಕಾಕಾ. ಇನ್ನಿಬ್ಬರು ಬೇಕಂತ. ಮ್ಯಾನೇಜ್‌ಮೆಂಟ್ ಬರ್ದೋರನ್ನೇ ತಿರುಗಿಸ್ಲಾಕತ್ತೀನಿ.”